ಬಳೆಚೂರು ಹಾಕಿದ ಬಾಟಲಿ

ಮಲ್ಲಾಬಾಯಿ ಮದುವೆಯಾಗಿ ನಾರಾಯಣಪುರಕ್ಕೆ ಬಂದಾಗ ಎಡದಂಡೆ ಕಾಲುವೆಗೆ ನೀರು ಬಿಟ್ಟು ಬಹಳ ಕಾಲವಾಗಿರಲಿಲ್ಲ. ಗಂಡ ಅಯ್ಯಣ್ಣನದು ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸ. ಮುಂಜಾನೆ ಬುತ್ತಿ ಕಟ್ಟಿಕೊಂಡು ಸೈಕಲ್ ಹತ್ತಿದನೆಂದರೆ ಹೊತ್ತು ಮುಳುಗುವಾಗಲೇ ಮನೆ ಕಾಣುತ್ತಿದ್ದ. ರಂಗಂಪೇಟೆಯ ಇಕ್ಕಟ್ಟಿನ ಓಣಿಯಲ್ಲಿ, ಈ ಮನೆಯ ಒಗ್ಗರಣೆಗೆ ಆ ಮನೆಯವರು ಸೀನುವಷ್ಟು ಹತ್ತಿರದಲ್ಲಿ ಬೆಳೆದವಳಿಗೆ ನೀರಾವರಿಯವರ ಆ ಸಾಲು ಕ್ವಾರ್ಟರ್ಸು ಊರೆನಿಸಲೇ ಇಲ್ಲ. ಎಲ್ಲರೂ ಎಲ್ಲೆಲ್ಲಿಂದಲೋ ಬಂದವರು. ಯಾವಾಗ ಯಾರಿಗೆ ವರ್ಗವಾಗುತ್ತದೋ ಎಂದು ಯಾರೂ ಯಾರನ್ನೂ ಬಹಳ ಹಚ್ಚಿಕೊಳ್ಳುತ್ತಿರಲಿಲ್ಲ.

ಹಿತ್ತಲಲ್ಲಿ ಒಂದು ಮಲ್ಲಿಗೆ ಬಳ್ಳಿಯನ್ನಾದರೂ ಹಚ್ಚೋಣವೆಂದರೆ ಗುದ್ದಲಿ ಹಾಕಿದಲ್ಲೆಲ್ಲ ಬಂಡೆ. ಒಡಕು ಕೊಡದಲ್ಲಿ ಮಣ್ಣು ತುಂಬಿ ಹಚ್ಚಿದ ಬಳ್ಳಿ ಬೇಸಿಗೆ ಬರುವಷ್ಟರಲ್ಲಿ ಹಪ್ಪಳದ ಹಾಗೆ ಒಣಗಿತು. ಅದನ್ನು ಕಿತ್ತು ಗೋಡೆಯಾಚೆ ಚೆಲ್ಲಲು ಹೋದಾಗ ಆ ಕಡೆಯಿಂದ ಹೆಂಗಸಿನ ದನಿ ಕೇಳಿಸಿತು. ಬಳ್ಳಿ ಬೇಕಾದರೆ ಚೆಲ್ಲು, ಮಣ್ಣು ಚೆಲ್ಲಬೇಡ, ಅದು ತನಗೆ ಬೇಕು ಎಂದಿತು ಆ ದನಿ.

ಆಕೆ ಖುರ್ಷೀದಬೇಗಂ, ಇಲಾಖೆಯ ಜೀಪು ಓಡಿಸುವ ಬಾಷುಮಿಯಾನ ಹೆಂಡತಿ. ಹುಟ್ಟಿ ಬೆಳೆದದ್ದು ಹೈದರಾಬಾದಿನ ಹಳೆಯ ಪೇಟೆಯಲ್ಲಿ. ಮಲ್ಲಾಬಾಯಿಗಿಂತ ನಾಲ್ಕಾರು ವರ್ಷ ದೊಡ್ಡವಳು, ಶಾಲೆಗೆ ಹೋಗುವ ಒಬ್ಬ ಮಗಳಿದ್ದಳು. ಮಣ್ಣು ಕೊಡಲು ಹೋದ ಮಲ್ಲಾಬಾಯಿ ಆಕೆಯ ಅಡಿಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಒಳಗೆ, ನೆರಳಿನ ಗೂಡಿನಲ್ಲಿ, ಹಾರ್ಲಿಕ್ಸ್ ಬಾಟಲಿ, ಉಪ್ಪಿನಕಾಯಿಯ ಬರಣಿ, ಅಂಗಡಿಯವರು ಪೆಪ್ಪರಮಿಂಟು ಇಡುವ ದಪ್ಪ ಹೊಟ್ಟೆಯ ಗಾಜಿನ ಡಬ್ಬಿ. ಒಂದೊಂದರೊಳಗೂ ಒಂದೊಂದು ಹಸಿರು ತೋಟ. ಕೂದಲಿನಷ್ಟು ತೆಳ್ಳಗಿನ ಕಪ್ಪು ಕಡ್ಡಿಗಳ ಮೇಲೆ ನಡುಗುವ ಪುಟ್ಟ ಎಲೆಗಳು, ಕೆಳಗೆ ಮಖಮಲ್ಲಿನಂಥ ಪಾಚಿ. ಗಾಜಿನ ಒಳಮೈಗೆ ಬೆವರಿನಂತೆ ಹನಿಗಳು.

ನೀರಿನ ಟಾಕಿಯ ಕೆಳಗೆ ಸದಾ ಜಿನುಗುವ ಗೋಡೆಯೊಂದಿತ್ತು. ಆ ಗಿಡ ಅಲ್ಲಿಯದೇ. ಅದರ ಹೆಸರು ಹಂಸರಾಜ ಎಂದು ಖುರ್ಷೀದಬೇಗಂ ಹೇಳಿಕೊಟ್ಟಳು. ಆಕೆಯ ಅಜ್ಜ ಹಕೀಮರು. ಕೆಮ್ಮಿನ ಕಷಾಯಕ್ಕೆ ಇದೇ ಸೊಪ್ಪು ಹಾಕುತ್ತಿದ್ದರಂತೆ. ಅವರ ಅಂಗಡಿಯ ಖಾಲಿ ಬಾಟಲಿಗಳಲ್ಲಿ ಆಕೆಯ ಅಜ್ಜಿ ಹೀಗೆ ಗಿಡ ಹಚ್ಚುತ್ತಿದ್ದಳು. ಮುಚ್ಚಳ ಹಾಕಿದ ಬಾಟಲಿಯಲ್ಲಿ ಗಿಡ ಬಿಟ್ಟ ಉಸಿರೇ ಹನಿಯಾಗಿ ಮತ್ತೆ ಅದರ ಬುಡಕ್ಕೆ ಇಳಿಯುತ್ತದೆ. ವಾರಗಟ್ಟಲೆ ನೀರು ಹಾಕದಿದ್ದರೂ ನಡೆಯುತ್ತದೆ. ಹಿತ್ತಲು ಬಂಡೆಯಾದರೇನು, ಬಾಟಲಿಗೆ ಬರವಿದೆಯೇ ಎಂದು ಆಕೆ ನಕ್ಕಳು.

ಮಲ್ಲಾಬಾಯಿ ಮರುದಿನವೇ ಒಂದು ಬಾಟಲಿ ಹೊಂದಿಸಿಕೊಂಡು ಹೋದಳು. ಖುರ್ಷೀದಬೇಗಂ ಮೊದಲು ಅದನ್ನು ಬಿಸಿನೀರಲ್ಲಿ ತೊಳೆಸಿದಳು, ಒಣಗಿಸಿದಳು. ತಳಕ್ಕೆ ಹೊಳೆಯ ಹರಳು. ಅದರ ಮೇಲೆ ಒಂದು ಹಿಡಿ ಬಳೆಚೂರು. ಕೆಂಪು, ಹಸಿರು, ಹಳದಿ, ಎಲ್ಲ ಸೇರಿದ್ದು. ಹರಳು ಸಾಕಲ್ಲ, ಬಳೆಚೂರು ಯಾಕೆ ಎಂದು ಮಲ್ಲಾಬಾಯಿ ಕೇಳಿದ್ದಕ್ಕೆ, ಗಿಡಕ್ಕೆ ಬೇಡ, ನಮ್ಮ ಕಣ್ಣಿಗೆ ಬೇಕು ಎಂದಳು. ಆಮೇಲೆ ಒಲೆಯ ಇದ್ದಲಿ ಕುಟ್ಟಿ ತೆಳ್ಳಗೆ ಒಂದು ಪದರು, ನಾತ ಹಿಡಿಯದಿರಲೆಂದು. ಅದರ ಮೇಲೆ ತೆಂಗಿನ ನಾರು. ಕಡೆಗೆ ಮಣ್ಣು. ಎರೆಮಣ್ಣು ಅಂಟಾಗಿ ಬೇರು ಕೊಳೆಯುತ್ತದೆಂದು ಅದಕ್ಕೆ ಉಸುಕನ್ನೂ ಬೇವಿನ ಮರದಡಿಯ ಕೊಳೆತ ಎಲೆಯನ್ನೂ ಕಲಸಬೇಕು. ಕೈ ಹೋಗದ ಬಾಯಿಯೊಳಗೆ ಹಳೆಯ ಛತ್ರಿಯ ಕಡ್ಡಿಯಿಂದ ಗಿಡ ಇಳಿಸಬೇಕು. ನೀರನ್ನು ಸುರಿಯಬಾರದು, ಒದ್ದೆ ಬಟ್ಟೆಯನ್ನು ಗಾಜಿನ ಪಕ್ಕಕ್ಕೆ ಹಿಂಡಿ ಇಳಿಯಗೊಡಬೇಕು.

ಇಷ್ಟೆಲ್ಲ ಕಲಿತು ಮನೆಗೆ ತಂದ ಬಾಟಲಿಯನ್ನು ಮಲ್ಲಾಬಾಯಿ ಕಿಡಕಿಯಲ್ಲಿಟ್ಟಳು. ಗಿಡವೆಂದ ಮೇಲೆ ಬಿಸಿಲು ಬೇಡವೇ? ಸಂಜೆಯ ಹೊತ್ತಿಗೆ ಹಂಸರಾಜ ಕುದಿಸಿದ ಪಲ್ಯದಂತಾಗಿತ್ತು. ಅಳುಮುಖ ಮಾಡಿಕೊಂಡು ಬಾಟಲಿ ಹಿಡಿದು ಬಂದವಳನ್ನು ಕಂಡು ಖುರ್ಷೀದಬೇಗಂ ನಕ್ಕೂ ನಕ್ಕೂ ಗೋಡೆಗೊರಗಿ ಕುಳಿತಳು. ಬೆಳಕು ಕೊಡು, ಬಿಸಿಲು ಕೊಡಬೇಡ ಎಂದು ಹೇಳಿ ಬೇರೆ ಹಚ್ಚಿಕೊಟ್ಟಳು. ಅಂದಿನಿಂದ ಮಲ್ಲಾಬಾಯಿಗೆ ಆಕೆ ಆಪಾ, ಅಕ್ಕ, ಆದಳು.

ಆ ವರ್ಷಗಳಲ್ಲಿ ಅವರಿಬ್ಬರ ಮಧ್ಯಾಹ್ನಗಳು ಒಂದೇ ಮಧ್ಯಾಹ್ನದಂತೆ ಕಳೆದವು. ಗಂಡಸರು ಕೆಲಸಕ್ಕೆ ಹೋದ ಮೇಲೆ, ಪಾತ್ರೆ ಬೆಳಗಿಟ್ಟ ಮೇಲೆ, ಯಾರಾದರೊಬ್ಬರ ಅಡಿಗೆಮನೆಯ ತಂಪಾದ ಫರಸಿಕಲ್ಲಿನ ನೆಲದ ಮೇಲೆ ಕುಳಿತು ಬಾಟಲಿಗಳ ಮುಚ್ಚಳ ತೆಗೆದು ಗಾಳಿ ಆಡಿಸುವುದು, ಹಳದಿ ಎಲೆ ಕತ್ತರಿಸುವುದು. ಗೋಡೆಯ ಹಂಸರಾಜವಲ್ಲದೆ ಕಾಲುವೆಯ ಕಲ್ಲುಸಂದಿಯ ಪುಟ್ಟ ಗಿಡಗಳನ್ನೂ ತಂದರು. ಎಲ್ಲವೂ ಬದುಕಲಿಲ್ಲ. ಪ್ಲಾಸ್ಟಿಕ್ಕಿನ ನೀರಿನ ಬಾಟಲಿಗಳು ಬರತೊಡಗಿದಾಗ ಬಾಷುಮಿಯಾ ಸಾಹೇಬರ ಜೀಪಿನಿಂದ ಖಾಲಿಯಾದವನ್ನು ತಂದು ಕೊಟ್ಟ. ಕಾದ ಚಾಕುವಿನಿಂದ ಅವನ್ನು ನಡುವಿಗೆ ಕೊಯ್ದು, ಗಿಡ ಹಚ್ಚಿ, ಮೇಲಿನರ್ಧವನ್ನು ಟೊಪ್ಪಿಗೆಯಂತೆ ಮತ್ತೆ ಕೂರಿಸುತ್ತಿದ್ದರು.

ಮಲ್ಲಾಬಾಯಿಯ ಮೊದಲ ಬಸುರು ನಿಲ್ಲಲಿಲ್ಲ. ಅಯ್ಯಣ್ಣ ಆಗ ದೂರದ ಗೇಟಿನ ಮೇಲಿದ್ದ. ಆಕೆಯ ರಕ್ತದ ಬಟ್ಟೆ ಒಗೆದವಳು ಆಪಾ, ಗಂಜಿ ಕುಡಿಸಿದವಳು ಆಪಾ. ಯಾರೊಡನೆಯೂ ಮಾತಾಡದೆ ಗೋಡೆಯ ಕಡೆ ಹೊರಳಿ ಮಲಗಿದವಳ ತಲೆದೆಸೆಗೆ ತನ್ನ ಅತಿ ದೊಡ್ಡ ಬಾಟಲಿಯನ್ನು, ಆ ಪೆಪ್ಪರಮಿಂಟಿನ ಡಬ್ಬಿಯನ್ನು, ತಂದಿಟ್ಟಳು. ಸಮಾಧಾನದ ಮಾತೇನೂ ಆಡಲಿಲ್ಲ. ಹೊಸ ಎಲೆ ಬಂದ ದಿನ ಹೇಳು ಎಂದಷ್ಟೇ ಹೇಳಿ ಹೋದಳು. ಮಲ್ಲಾಬಾಯಿ ಆ ಎಲೆ ಬರುವುದನ್ನು ಕಾಯುತ್ತ ಕಾಯುತ್ತ ಎದ್ದು ಕುಳಿತಳು. ಆಮೇಲೆ ಡಬ್ಬಿಯನ್ನು ಆಪಾಳ ಗೂಡಿಗೆ ಮರಳಿಸಿದಳು.

ಮತ್ತೆ ಬಸುರಾದಾಗ ತಾಯಿ ಕರೆಮ್ಮ ಏಳನೆಯ ತಿಂಗಳಲ್ಲೇ ಬಂದು ಮಗಳನ್ನು ರಂಗಂಪೇಟೆಗೆ ಕರೆದೊಯ್ದಳು. ಹೆಣ್ಣುಕೂಸು ಹುಟ್ಟಿತು. ಕೂಸು ಬಡಕಲು, ತಾಯಿಯೂ ಬಡಕಲು. ಕರೆಮ್ಮ ಇಬ್ಬರನ್ನೂ ಹೊಸ್ತಿಲು ದಾಟಗೊಡಲಿಲ್ಲ. ಬಾಣಂತನ ಮುಗಿಸಿ, ಮೊನಮ್ಮ ಎಂದು ಹೆಸರಿಟ್ಟ ಕೂಸನ್ನು ಎತ್ತಿಕೊಂಡು ಮಲ್ಲಾಬಾಯಿ ನಾರಾಯಣಪುರಕ್ಕೆ ಬಂದಿಳಿದಾಗ ಪಕ್ಕದ ಮನೆಗೆ ಬೀಗ ಬಿದ್ದಿತ್ತು.

ಬಾಷುಮಿಯಾನಿಗೆ ಆಲಮಟ್ಟಿಗೆ ವರ್ಗವಾಗಿತ್ತು. ಸಾಮಾನೆಲ್ಲ ಲಾರಿಯಲ್ಲಿ ಹೋಯಿತೆಂದು ಅಯ್ಯಣ್ಣ ಹೇಳಿದ. ತಾನೂ ಗೇಟಿನ ಮೇಲಿದ್ದುದರಿಂದ ಹೋಗುವಾಗ ಅವರನ್ನು ಕಾಣಲಾಗಲಿಲ್ಲ ಎಂದ. ಮಲ್ಲಾಬಾಯಿಯ ಕಟ್ಟೆಯ ಮೇಲೆ, ನೆರಳಿಗೆ, ಪೆಪ್ಪರಮಿಂಟಿನ ಡಬ್ಬಿ ಕುಳಿತಿತ್ತು. ಅದರ ಹಂಸರಾಜ ಮುಚ್ಚಳಕ್ಕೆ ತಲೆ ತಾಗಿಸಿ ಬಾಗಿತ್ತು.

ಅದನ್ನು ಆಪಾ ತನಗಾಗಿ ಬಿಟ್ಟಳೋ, ಲಾರಿಯಲ್ಲಿ ಒಡೆದೀತೆಂದು ಬಿಟ್ಟಳೋ? ಆ ಪ್ರಶ್ನೆ ಮಲ್ಲಾಬಾಯಿಯ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಒಂದು ಮಾತು ಹೇಳದೆ ಹೇಗೆ ಹೋದಳು? ಇದ್ದಷ್ಟು ದಿನ ಇದ್ದೆವು, ವರ್ಗವಾಯಿತು, ಹೋದೆವು ಎಂಬ ಕ್ವಾರ್ಟರ್ಸಿನ ಎಲ್ಲರ ಹಾಗೆಯೇ ಆಕೆಯೂ ಇದ್ದಳೇ? ಆಲಮಟ್ಟಿಯಿಂದ ಬಂದವರನ್ನು ವಿಚಾರಿಸಲು ಗಂಡನಿಗೆ ಹೇಳಿದಳು. ಅಯ್ಯಣ್ಣ ವಿಚಾರಿಸಿದ, ಅಲ್ಲಿಂದಲೂ ಬೇರೆ ಕಡೆ ಹೋದರಂತೆ ಎಂದು ಬಂದು ಹೇಳಿದ. ಪಕ್ಕದ ಮನೆಗೆ ಬೇರೆಯವರು ಬಂದರು, ಅವರೂ ಹೋದರು, ಮತ್ತೊಬ್ಬರು ಬಂದರು. ಕಾಲುವೆಯ ನೀರು ಹೋದಲ್ಲೆಲ್ಲ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಮೊನಮ್ಮ ಶಾಲೆ ಮುಗಿಸಿದಳು, ಶಹಾಪುರಕ್ಕೆ ಮದುವೆಯಾಗಿ ಹೋದಳು. ಕರೆಮ್ಮ ತೀರಿಕೊಂಡಳು. ಅಯ್ಯಣ್ಣ ರಿಟೈರಾದ ಮೇಲೆ ಗಂಡಹೆಂಡತಿ ರಂಗಂಪೇಟೆಯ ಆ ತವರಿನ ಮನೆಗೇ ಬಂದು ನೆಲೆಸಿದರು.

ಎಲ್ಲಿಗೆ ಹೋದರೂ ಡಬ್ಬಿ ಅವಳ ಮಡಿಲಲ್ಲೇ ಬಂತು. ಒಳಗಿನ ಗಿಡ ಎಷ್ಟೋ ಸಲ ಬದಲಾಗಿತ್ತು, ಮಣ್ಣು ಬದಲಾಗಿತ್ತು. ಅದರ ಸಸಿಗಳನ್ನು ಬೇರೆ ಬೇರೆ ಬಾಟಲಿಗಳಿಗೆ ಹಚ್ಚಿ ಓಣಿಗೆಲ್ಲ ಹಂಚಿದಳು. ಐಸ್‌ಕ್ರೀಮಿನ ಡಬ್ಬಿ, ಮಿಠಾಯಿಯ ಪ್ಲಾಸ್ಟಿಕ್ ಪೆಟ್ಟಿಗೆ, ಸಿಕ್ಕಿದ್ದರಲ್ಲೆಲ್ಲ ಹಚ್ಚಿದಳು. ತಳಕ್ಕೆ ಬಳೆಚೂರು ಹಾಕುವುದನ್ನು ಮಾತ್ರ ಬಿಡಲಿಲ್ಲ. ಆದರೆ ಹೊಸದಾಗಿ ಏನನ್ನು ಹಚ್ಚಿದರೂ ಮುಗಿದ ಮೇಲೆ ತಲೆಯೆತ್ತಿ ಎದುರಿಗೆ ನೋಡುವ ಚಾಳಿ ಉಳಿದುಕೊಂಡಿತ್ತು. ಎದುರಿಗೆ ಯಾರೂ ಇರುತ್ತಿರಲಿಲ್ಲ.

ಒಂದು ದಿನ ಮಗಳಿಗೆಂದು ಒಂದು ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಶಹಾಪುರದ ಬಸ್ಸಿನಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಬಳೆಯ ಬುಟ್ಟಿ ಇಟ್ಟುಕೊಂಡ ಹೆಂಗಸು ಬಂದು ಕುಳಿತಳು. ಮದೀನಾಬೀ ಎಂದು ಹೆಸರು. ಬಸ್ಸು ಊರು ದಾಟುವ ತನಕ ಸುಮ್ಮನಿದ್ದವಳು ಬಾಟಲಿಯತ್ತ ಬಗ್ಗಿ, ತಳದಲ್ಲಿರುವುದು ಬಳೆಚೂರೇ ಎಂದು ಕೇಳಿದಳು. ಹೌದೆಂದಾಗ ಆಕೆ ತನ್ನ ಬುಟ್ಟಿಯಡಿಯಿಂದ ಒಂದು ಬಟ್ಟೆಯ ಗಂಟು ತೆಗೆದು ತೋರಿಸಿದಳು. ಅದರ ತುಂಬ ಒಡೆದ ಬಳೆ.

"ಗೋಗಿಯೊಳಗ ಒಬ್ಬ ಮುದುಕಿ ಅದಾಳ. ನನ್ ಕಡಿಂದ ಇವನ್ನ ಇಸ್ಕೋತಾಳ. ಬಾಟ್ಲಿಯೊಳಗ ಗಿಡ ಹಚ್ಚತಾಳ, ಹಿಂಗ," ಎಂದಳು ಮದೀನಾಬೀ. "ನೀವೂ ಆಕಿ ಕಡಿಂದ ಕಲ್ತೀರೇನು?"

ಮಲ್ಲಾಬಾಯಿ ಆ ಮುದುಕಿಯ ಹೆಸರು ಕೇಳಿದಳು. ಖುರ್ಷೀದ್ ಆಪಾ ಎಂದಳು ಮದೀನಾಬೀ. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದಾಳೆ, ದರ್ಗಾದ ಹಿಂದಿನ ಓಣಿ.

ಮಲ್ಲಾಬಾಯಿ ಶಹಾಪುರದಲ್ಲಿ ಇಳಿದಳು, ಆದರೆ ಮಗಳ ಮನೆಗೆ ಹೋಗಲಿಲ್ಲ. ಗೋಗಿಗೆ ಹೊರಟ ಆಟೋದಲ್ಲಿ ಮಂದಿಯ ನಡುವೆ ಒತ್ತಿಕೊಂಡು ಕುಳಿತಳು. ದಾರಿಯುದ್ದಕ್ಕೂ ಏನು ಕೇಳಬೇಕೆಂಬುದನ್ನು ಹೊಂದಿಸುತ್ತ ಬಂದಳು. ಇಷ್ಟು ವರ್ಷ ಒಳಗೊಳಗೇ ಜಗಳಾಡಿ ಸವೆದುಹೋದ ಮಾತುಗಳು, ಅವಳಿಗೆ ಬಾಯಿಪಾಠವಾಗಿದ್ದವು. ಆದರೆ ಮದೀನಾಬೀ ಹೇಳಿದ ಬಾಗಿಲ ಮುಂದೆ ಇಳಿದು, ಒಳಗೆ ಮಂಚದ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದ ಬಿಳಿಗೂದಲಿನ ಹೆಂಗಸನ್ನು ಕಂಡಾಗ ಒಂದೂ ನೆನಪಾಗಲಿಲ್ಲ.

ಖುರ್ಷೀದಬೇಗಂ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಮೊದಲು ಮುಖವನ್ನು, ಆಮೇಲೆ ಕೈಯಲ್ಲಿದ್ದ ಬಾಟಲಿಯನ್ನು, ಮತ್ತೆ ಮುಖವನ್ನು. ಎದ್ದು ಬರಲಿಲ್ಲ. ಅಕ್ಕಿಯ ಮೊರ ಪಕ್ಕಕ್ಕಿಟ್ಟಳು.

"ಈಗ ಬಂದ್ಯೇನು ಮಲ್ಲಾ?" ಎಂದಳು.

ಆ ದನಿಯಲ್ಲಿ ಸಿಟ್ಟಿತ್ತು. ಮಲ್ಲಾಬಾಯಿ ದಂಗಾದಳು. ಸಿಟ್ಟು ತನ್ನದಲ್ಲವೇ? ಹೇಳದೆ ಹೋದವಳು ಯಾರು? ಅದನ್ನೇ ಅಂದಳು, ಅನ್ನುತ್ತ ಅನ್ನುತ್ತ ಅತ್ತುಬಿಟ್ಟಳು. ಒಂದು ಮಾತಾದರೂ ಹೇಳಿ ಹೋಗಬಾರದಿತ್ತೇ ಆಪಾ, ಬೀಗ ಹಾಕಿದ ಬಾಗಿಲು ನೋಡಿ ನನಗೆ ಏನಾಯಿತೆಂದು ಗೊತ್ತೇ ನಿನಗೆ ಎಂದಳು.

ಖುರ್ಷೀದಬೇಗಂ ಸರಿದು ಮಂಚದ ಮೇಲೆ ಅವಳಿಗೆ ಜಾಗ ಮಾಡಿದಳು. ಆಮೇಲೆ ನಿಧಾನವಾಗಿ ಕೇಳಿದಳು. "ನಿಮ್ಮವ್ವ ನಿನಗ ಹೇಳಲಿಲ್ಲೇನು?"

"ಏನು?"

"ನಾ ಬಂದಿದ್ದೆ. ರಂಗಂಪೇಟಿಗಿ, ನಿಮ್ಮ ಮನಿ ಬಾಗಿಲ ತನ ಬಂದಿದ್ದೆ. ಲಾರಿ ಮುಂದ ಕಳಿಸಿ, ಇವರು ಜೀಪ್ ಹೊರಳಿಸ್ಕೊಂಡು ಬಂದಿದ್ರು. ಮಲಗ್ಯಾಳ, ಕೂಸೂ ಈಗ ಮಲಗೇದ, ಎಬ್ಬಸಬ್ಯಾಡ್ರಿ ಅಂದ್ಳು ನಿಮ್ಮವ್ವ. ಕುಂದ್ರತೀನಿ ಅಂದೆ. ಬಾಣಂತಿ ಮನಿ, ಬ್ಯಾಡ್ರಿ ಅಂದ್ಳು. ಬಂದಿದ್ದೆ ಅಂತ ಹೇಳ್ರಿ, ಆಲಮಟ್ಟಿಗಿ ಹೊಂಟೀವಿ, ಒಮ್ಮೆ ಕಳಸ್ರಿ ಅಂದು ತಿರುಗಿ ಬಂದೆ."

ಖುರ್ಷೀದಬೇಗಂಳ ಮಗಳು ಚಹಾ ತಂದಿಟ್ಟು ಹೋದಳು. ಇಬ್ಬರೂ ಮುಟ್ಟಲಿಲ್ಲ. ಆಲಮಟ್ಟಿಯಲ್ಲಿ ತಾನು ಬಹಳ ದಿನ ದಾರಿ ನೋಡಿದ್ದಾಗಿ ಖುರ್ಷೀದಬೇಗಂ ಹೇಳಿದಳು. ಕಡೆಗೆ, ಮಲ್ಲಾಬಾಯಿಗೆ ಕೂಸು ಸಿಕ್ಕಿತು, ತಾನು ಬೇಕಾಗಲಿಲ್ಲ ಎಂದುಕೊಂಡಳಂತೆ. ಆ ದೊಡ್ಡ ಡಬ್ಬಿ? ಅದನ್ನು ಹೊರಡುವ ಮುಂಜಾನೆಯೇ ನಿನ್ನ ಕಟ್ಟೆಯ ಮೇಲಿಟ್ಟೆ, ನಿನ್ನದೇ ಅಲ್ಲವೇ ಅದು, ನಿನ್ನ ತಲೆದೆಸೆಗೆ ಇಟ್ಟ ದಿನದಿಂದ ಎಂದಳು.

ಆ ಸಂಜೆ ಮಲ್ಲಾಬಾಯಿ ಮನೆಗೆ ಬಂದವಳು ಗೋಡೆಯ ಮೇಲಿದ್ದ ತಾಯಿಯ ಫೋಟೋದ ಮುಂದೆ ನಿಂತಳು. ಕರೆಮ್ಮ ಕೆಟ್ಟವಳಲ್ಲ. ಆ ಬೇಸಿಗೆಯಲ್ಲಿ ತನ್ನ ಊಟ ಮರೆತು ಮಗಳಿಗೆ ಉಣಿಸಿದವಳು, ಕೂಸಿನ ಮೈ ಬಿಸಿಯಾದರೆ ಬೆಳಗಾಗುವ ತನಕ ಎತ್ತಿಕೊಂಡು ತಿರುಗಿದವಳು. ಎಬ್ಬಿಸಬಾರದೆಂದು ಎಬ್ಬಿಸಲಿಲ್ಲ, ಅದನ್ನು ಒಪ್ಪಬಹುದು. ಆದರೆ ಎದ್ದ ಮೇಲೆ ಯಾಕೆ ಹೇಳಲಿಲ್ಲ? ಮರೆತಳೇ? ಹೇಳಿದರೆ ಮಗಳು ಹಸಿ ಮೈಯಲ್ಲಿ ಬಿಸಿಲಿಗೆ ಎದ್ದು ಹೊರಟಾಳೆಂದು ಹೆದರಿದಳೇ? ಅಥವಾ ತನ್ನ ಮಗಳು ತನಗಿಂತ ಹೆಚ್ಚಾಗಿ ಮತ್ತೊಬ್ಬಳನ್ನು ಹಚ್ಚಿಕೊಂಡದ್ದು ಸೇರಲಿಲ್ಲವೇ? ಕೇಳಬೇಕೆಂದರೆ ಉತ್ತರ ಕೊಡುವವಳು ಇರಲಿಲ್ಲ. ಸಿಟ್ಟು ಬಂತು, ಅದನ್ನು ಇಳಿಸಲು ಜಾಗವಿರಲಿಲ್ಲ. ಹಿರಿಯ ಜೀವ, ನಿನ್ನ ಸಲುವಾಗಿಯೇ ಮಾಡಿರಬೇಕು, ಬಿಡು ಎಂದ ಅಯ್ಯಣ್ಣ. ಅವಳು ಕೆಲವು ದಿನ ಫೋಟೋಕ್ಕೆ ಹೂ ಏರಿಸಲಿಲ್ಲ. ಒಂದು ಸೋಮವಾರ ತಾನಾಗಿಯೇ ಏರಿಸಿದಳು, ಆದರೆ ಕೈ ಮುಗಿಯುವಾಗ ಕಣ್ಣು ತೆರೆದೇ ಇದ್ದವು.

ಮುಂದಿನ ತಿಂಗಳು ಖುರ್ಷೀದಬೇಗಂ ರಂಗಂಪೇಟೆಗೆ ಬಂದಳು. ಅಳಿಯನ ಆಟೋದಲ್ಲಿ, ಒಂದು ಚೀಲದಲ್ಲಿ ಕಲಸಿದ ಮಣ್ಣು, ಇನ್ನೊಂದರಲ್ಲಿ ಬಿಸ್ಕೀಟು ಇಟ್ಟುಕೊಂಡು. ಹೊಸ್ತಿಲ ಹೊರಗೆ ಒಂದು ಗಳಿಗೆ ನಿಂತಳು. ಮಲ್ಲಾಬಾಯಿ ಹೊರಗೆ ಹೋಗಿ ಕೈ ಹಿಡಿದು ಒಳಗೆ ಕರೆತಂದಳು. ಇಬ್ಬರೂ ಕರೆಮ್ಮನ ಹೆಸರೆತ್ತಲಿಲ್ಲ.

ಮಲ್ಲಾಬಾಯಿ ಈ ದಿನವನ್ನು ಮನಸ್ಸಿನಲ್ಲಿ ಎಷ್ಟು ಸಲ ನಡೆಸಿದ್ದಳೋ. ಆದರೆ ಮಾತು ಬೇಗನೆ ತೀರಿತು. ಮಕ್ಕಳ ಸುದ್ದಿ, ಮೊಳಕಾಲಿನ ಸುದ್ದಿ, ಸಕ್ಕರೆ ಕಾಯಿಲೆಯ ಸುದ್ದಿ, ಬಾಷುಮಿಯಾನ ಕೊನೆಯ ದಿನಗಳ ಸುದ್ದಿ, ಅವನನ್ನು ಗೋಗಿಗೇ ತಂದು ಮಣ್ಣು ಮಾಡಿದ ಸುದ್ದಿ. ಮಲ್ಲಾಬಾಯಿ ನೀರಿನ ಟಾಕಿಯ ಕೆಳಗಿನ ಗೋಡೆಯ ಮಾತೆತ್ತಿದರೆ, ಯಾವ ಗೋಡೆ ಎಂದು ಆಪಾ ಕೇಳಿದಳು. ಆಕೆ ಆಮೇಲೆ ಎಷ್ಟು ಊರುಗಳಲ್ಲಿ ಎಷ್ಟು ಗೋಡೆ ಕಂಡಳೋ. ಎದುರಿಗೆ ಕುಳಿತ ಈ ಮುದುಕಿಯನ್ನು ಮುಟ್ಟುವಷ್ಟು ಹತ್ತಿರದಲ್ಲಿಟ್ಟುಕೊಂಡೇ, ಗೋಡೆಗೊರಗಿ ನಕ್ಕೂ ನಕ್ಕೂ ಸುಸ್ತಾದ ಆ ಹರೆಯದ ಹೆಂಗಸಿಗಾಗಿ ಅವಳ ಮನಸ್ಸು ಹಂಬಲಿಸಿತು. ಆ ಹೆಂಗಸು ಆಲಮಟ್ಟಿಯಲ್ಲಿರಲಿಲ್ಲ, ಗೋಗಿಯಲ್ಲೂ ಇರಲಿಲ್ಲ.

ಸುಮ್ಮನೆ ಕುಳಿತಿರಲಾರದೆ ಬಾಟಲಿ ತೆಗೆದರು. ಹರಳು, ಬಳೆಚೂರು, ಇದ್ದಲಿ. ಮಣ್ಣಿಗೆ ಬಂದಾಗ ತಕರಾರು ಹುಟ್ಟಿತು. ಉಸುಕು ಬಹಳಾಯಿತೆಂದು ಮಲ್ಲಾಬಾಯಿ, ನನಗೆ ಕಲಿಸಬ್ಯಾಡ ಎಂದು ಆಪಾ. ಗಿಡ ಇಳಿಸಲು ಛತ್ರಿಕಡ್ಡಿ ಹಿಡಿದ ಖುರ್ಷೀದಬೇಗಂಳ ಕೈ ನಡುಗಿ ಸಸಿ ಓರೆಯಾಗಿ ಬಿತ್ತು. ಮತ್ತೆ ಎತ್ತಿದಳು, ಮತ್ತೆ ಬಿತ್ತು. ಕಡ್ಡಿಯನ್ನು ಮಲ್ಲಾಬಾಯಿಯ ಮುಂದೆ ಚಾಚಿದಳು.

"ಹಿಡಿ. ನನ್ ಕೈಲೆ ಈಗ ಆಗಂಗಿಲ್ಲ," ಎಂದಳು. "ನೀ ಇಳಸು, ನಾ ನೋಡತೀನಿ."

ಮಲ್ಲಾಬಾಯಿ ಇಳಿಸಿದಳು. ಬೇರಿನ ಸುತ್ತ ಮಣ್ಣು ಒತ್ತಿದಳು, ಪಾಚಿ ಹಾಸಿದಳು, ಒದ್ದೆ ಬಟ್ಟೆ ಹಿಂಡಿದಳು. ಮುಗಿಸಿ ತಲೆಯೆತ್ತಿದಳು. ಖುರ್ಷೀದಬೇಗಂ ಬಾಟಲಿಯನ್ನಲ್ಲ, ಅವಳನ್ನು ನೋಡುತ್ತಿದ್ದಳು. ಬಾಟಲಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, ಉಸುಕು ಬಹಳಾಗಿದೆ ನೋಡು, ನಿನ್ನ ಮಾತೇ ಖರೆ ಎಂದಳು. ಇಬ್ಬರಿಗೂ ನಗು ಬಂತು. ಹಳೆಯ ನಗುವಲ್ಲ ಅದು. ಆಪಾಗೆ ನಡುವೆ ಕೆಮ್ಮು ಬಂತು, ಮಲ್ಲಾಬಾಯಿ ಎದ್ದು ನೀರು ತರಬೇಕಾಯಿತು.

ಬಿಸಿಲು ತಗ್ಗಿದ ಮೇಲೆ ಅಳಿಯ ಆಟೋ ತಂದ. ಆಪಾ ಹೊಸ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಓಣಿಯ ತಿರುವಿನಲ್ಲಿ ಆಟೋ ಮರೆಯಾಗುವ ತನಕ ಮಲ್ಲಾಬಾಯಿ ಕಟ್ಟೆಯ ಮೇಲೆ ನಿಂತಿದ್ದಳು. ಒಳಗೆ ಬಂದು ಚಹಾದ ಕಪ್ಪು ತೊಳೆದಿಟ್ಟಳು, ನೆಲಕ್ಕೆ ಚೆಲ್ಲಿದ ಮಣ್ಣು ಗುಡಿಸಿದಳು. ಇನ್ನು ಹಗುರಾಗುತ್ತದೆ ಎಂದುಕೊಂಡಿದ್ದ ಎದೆ ಹಗುರಾಗಿರಲಿಲ್ಲ. ಆದರೆ ಅದರ ಭಾರ ಬೇರೆಯಾಗಿತ್ತು. ಎಲ್ಲಿದ್ದಾಳೋ ಎಂಬ ಹಂಬಲಕ್ಕೆ ಈಗ ಒಂದು ಊರಿತ್ತು, ಆ ಊರಿಗೆ ಬಸ್ಸಿತ್ತು.

ಅಯ್ಯಣ್ಣ ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದ. ಶುಕ್ರವಾರ ಗೋಗಿಗೆ ಹೋಗಬೇಕು, ಮುಂಜಾನೆ ಶಹಾಪುರಕ್ಕೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಅವಳು ಕೇಳಿದಳು. ಅವನು ಹೇಳಿ, ಶುಕ್ರವಾರ ತಾನೂ ಬರುತ್ತೇನೆ, ಬಾಷುಮಿಯಾನ ಗೋರಿಗೆ ಒಂದು ಹೂವಿನ ಚಾದರ ಹಾಕಿಸಿ ಬಂದರಾಯಿತು ಎಂದ.

ಮಲ್ಲಾಬಾಯಿ ಕೈಗಂಟಿದ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು.

"ಅದಕ್ಕ ಇನ್ನೊಮ್ಮೆ ಹೋಗೂಣ್ರಿ," ಎಂದಳು. "ಈ ಶುಕ್ರವಾರ ನಾ ಒಬ್ಬಾಕಿನ ಹೋಗತೀನಿ."